ಸೊಂಟ ಹಿಡಿದಿದೆಯೇ? ನಿಮ್ಮ ದಿನ ಯಾವ ಕಡೆ ಬಾಗಿದೆ ನೋಡಿ

ಭದ್ರಾ ನಾಲೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ದಾವಣಗೆರೆ, ಹರಿಹರದ ಸುತ್ತಲಿನ ಹಳ್ಳಿಗಳಲ್ಲಿ ಸೊಂಟ ಹಿಡಿದುಕೊಂಡು ನಡೆಯುವವರು ಮನೆಗೊಬ್ಬರಾದರೂ ಸಿಗುತ್ತಾರೆ. ನಮ್ಮ ಮನೆಯಲ್ಲಿ ಅದು ಅವ್ವ. ನಾನು ಫಿಸಿಯೋಥೆರಪಿ ಓದಲು ಸೇರಿದ ಮೊದಲ ವರ್ಷ ರಜೆಗೆ ಬಂದಾಗ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ನಾನು ಚಾಪೆ ಹಾಸಿ, ಅಂಗಾತ ಮಲಗಿಸಿ, ಎರಡೂ ಮಂಡಿಗಳನ್ನು ಎದೆಗೆ ಒತ್ತಿ ಹಿಡಿಯುವ ಪವನಮುಕ್ತಾಸನ ಹೇಳಿಕೊಟ್ಟೆ. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಬಾರಿ, ರಾತ್ರಿ ಮಲಗುವ ಮುನ್ನ ಹತ್ತು ಬಾರಿ. ನಾಲ್ಕನೆಯ ದಿನಕ್ಕೆ ನೋವು ಸೊಂಟದಿಂದ ಪಿರ್ರೆಗೆ, ಪಿರ್ರೆಯಿಂದ ಮೀನಖಂಡಕ್ಕೆ ಇಳಿಯಿತು. ಅವಳು ದಿನವಿಡೀ ಕೆಸರಿನಲ್ಲಿ ಬಗ್ಗಿಯೇ ಇದ್ದಳು. ಮನೆಗೆ ಬಂದ ಮೇಲೆ ನಾನು ಮತ್ತೆ ಬಗ್ಗಿಸಿದ್ದೆ.

ಆ ತಪ್ಪು ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸೊಂಟ ನೋವಿಗೆ ಎಲ್ಲರಿಗೂ ಹೊಂದುವ ಒಂದೇ ವ್ಯಾಯಾಮದ ಪಟ್ಟಿ ಇಲ್ಲ. ನಾಟಿ ಹಚ್ಚುವ ಹೆಣ್ಣುಮಗಳು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ಓಡಿಸುವ ಚಾಲಕ, ಬೆಣ್ಣೆದೋಸೆ ಕಾವಲಿಯ ಮುಂದೆ ನಿಂತೇ ಇರುವ ಭಟ್ಟರು, ಮೊಳಕಾಲ್ಮೂರಿನಲ್ಲಿ ಮಗ್ಗದ ಗುಣಿಗೆ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುವವರು, ಇವರೆಲ್ಲರಿಗೂ ನೋಯುವ ಜಾಗ ಒಂದೇ ಆಗಿರಬಹುದು. ಬಿಗಿದ ಜಾಗ ಬೇರೆ ಬೇರೆ. ದಿನವಿಡೀ ಮೈ ಯಾವ ಕಡೆ ಬಾಗಿತ್ತೋ ಅದರ ಎದುರು ದಿಕ್ಕಿಗೆ ಚಾಚಬೇಕು. ಉಳಿದ ವಿವರಗಳೆಲ್ಲ ಈ ಒಂದು ಮಾತನ್ನೇ ಹಿಡಿದು ಸಾಗುತ್ತವೆ.

ಚಾಪೆ ಹಾಸುವ ಮುನ್ನ

ಕೆಲವು ಸೊಂಟ ನೋವುಗಳಿಗೆ ವ್ಯಾಯಾಮ ಮದ್ದಲ್ಲ, ಆಸ್ಪತ್ರೆಯೇ ಮದ್ದು. ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋಗುತ್ತಿದ್ದರೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿನ ಒಳಭಾಗ ಮತ್ತು ಗುದದ ಸುತ್ತ ಮುಟ್ಟಿದ್ದು ತಿಳಿಯದಂತಾದರೆ, ಪಾದ ಎತ್ತಲು ಬಾರದೆ ಚಪ್ಪಲಿ ಜಾರಿ ಬೀಳುತ್ತಿದ್ದರೆ ಆ ಹೊತ್ತಿನಲ್ಲೇ ಹೊರಡಿ, ಮರುದಿನಕ್ಕೆ ಕಾಯಬೇಡಿ. ನರದ ಮೇಲಿನ ಒತ್ತಡ ಬೇಗ ತೆಗೆಯದಿದ್ದರೆ ಕಳೆದುಹೋದ ಹಿಡಿತ ಮರಳಿ ಬಾರದೆ ಉಳಿಯಬಹುದು.

ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಆಗಿರುವುದು, ಬಿದ್ದ ನಂತರ ಶುರುವಾದ ನೋವು, ಯಾವ ಮಗ್ಗುಲಿಗೆ ಮಲಗಿದರೂ ರಾತ್ರಿ ಬಿಡದ ನೋವು, ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರ ಪರೀಕ್ಷೆ ಆಗಲಿ. ನಮ್ಮ ಕಡೆ ಬೆನ್ನುಮೂಳೆಯ ಕ್ಷಯ ಈಗಲೂ ಇದೆ, ಅದನ್ನು ಮರೆಯಬಾರದು. ಇಪ್ಪತ್ತು, ಮೂವತ್ತರ ಹರೆಯದವರಿಗೆ ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸೊಂಟ ಸೆಟೆದುಕೊಂಡಿದ್ದು, ಓಡಾಡಿದಷ್ಟೂ ಸಡಿಲವಾಗಿ, ಮಲಗಿದರೆ ಹೆಚ್ಚುತ್ತಿದ್ದರೆ ಅದು ಬೆನ್ನುಮೂಳೆಯ ಉರಿಯೂತದ ಸಂಧಿವಾತ ಇರಬಹುದು. ಇಂಥವರು ಬರೀ ವ್ಯಾಯಾಮದಲ್ಲಿ ವರ್ಷಗಳನ್ನು ಕಳೆಯಬಾರದು. ಹಾಗೆಯೇ ಸ್ಟಿರಾಯ್ಡ್ ಮಾತ್ರೆ ಬಹುಕಾಲ ತೆಗೆದುಕೊಂಡವರಿಗೆ ಅಥವಾ ಹೆಚ್ಚು ಮದ್ಯ ಸೇವಿಸುವವರಿಗೆ ತೊಡೆಸಂದಿನಲ್ಲಿ ನೋವು ಬಂದರೆ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ಕುಂಠಿತವಾಗಿರುವ ಸಾಧ್ಯತೆ ಇದೆ. ಮೊದಮೊದಲು ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಕಾಣದೆ ಎಂಆರ್‌ಐಯಲ್ಲಿ ಮಾತ್ರ ಕಾಣಬಹುದು.

ಮೊದಲ ಹೆಜ್ಜೆ: ಒಂದು ಬೆರಳಿನಿಂದ ನೋವನ್ನು ತೋರಿಸಿ

‘ಸೊಂಟ ನೋವು’ ಎಂಬ ಒಂದೇ ಮಾತಿನಲ್ಲಿ ನಾವು ನಾಲ್ಕು ಬೇರೆ ಬೇರೆ ನೋವುಗಳನ್ನು ಹೇಳುತ್ತೇವೆ. ಎಲ್ಲಿ ನೋಯುತ್ತದೆ ಎಂದು ಕೇಳಿದರೆ ಇಡೀ ಅಂಗೈಯನ್ನು ಬೆನ್ನ ಮೇಲೆ ಸವರುತ್ತೇವೆ. ಕನ್ನಡಿಯ ಮುಂದೆ ನಿಂತು ಒಂದೇ ಬೆರಳಿನಿಂದ ಮುಟ್ಟಿ ನೋಡಿ.

ಬೆರಳು ಬೆನ್ನಿನ ನಡುಗೆರೆಯ ಆಚೀಚೆ, ಸೀರೆಯ ನೆರಿಗೆ ಅಥವಾ ಬೆಲ್ಟ್ ಕಟ್ಟುವ ಮಟ್ಟದಲ್ಲಿ ನಿಂತರೆ ಅದು ಕೆಳಬೆನ್ನಿನದು. ಅಲ್ಲಿ ಐದು ಕಶೇರುಗಳಿವೆ, ಅವುಗಳ ನಡುವೆ ಮೆತ್ತೆಯಂತಹ ಡಿಸ್ಕುಗಳಿವೆ. ಇನ್ನೂ ಕೆಳಗೆ, ಪಿರ್ರೆಯ ಮೇಲ್ಭಾಗದಲ್ಲಿ ಗುಳಿ ಬೀಳುವ ಜಾಗದಲ್ಲಿ ಒಂದೇ ಬದಿಗೆ ನೋವಿದ್ದರೆ ಬೆನ್ನುಮೂಳೆಯ ಬುಡವೂ ಚಪ್ಪೆಮೂಳೆಯೂ ಸೇರುವ ಕೀಲಿನ ಕಡೆ ಗಮನ ಕೊಡಬೇಕು.

ನಿಜವಾದ ತೊಡೆಕೀಲಿನ ನೋವು ಹಿಂದಕ್ಕಿಂತ ಹೆಚ್ಚಾಗಿ ಮುಂದೆ ಇರುತ್ತದೆ. ಇದು ಬಹಳ ಜನರಿಗೆ ತಿಳಿಯದ ಸಂಗತಿ. ತೊಡೆಸಂದಿನ ಆಳದಲ್ಲಿ ನೋಯುತ್ತದೆ, ಕೆಲವರಿಗೆ ತೊಡೆಯ ಮುಂಭಾಗದಲ್ಲಿ ಇಳಿದು ಮಂಡಿಯವರೆಗೂ ಬರುತ್ತದೆ. ಮಂಡಿಗೆ ಎಣ್ಣೆ ತಿಕ್ಕುತ್ತಾ ವರ್ಷ ಕಳೆದವರ ಮೂಲ ತೊಂದರೆ ತೊಡೆಕೀಲಿನಲ್ಲಿ ಇದ್ದದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ. ಕುಕ್ಕರುಗಾಲಿನಲ್ಲಿ ಕೂರುವಾಗ, ಚಕ್ಕಳಮಕ್ಕಳ ಹಾಕುವಾಗ, ಚಿತ್ರದುರ್ಗದ ಕೋಟೆಯ ಎತ್ತರದ ಮೆಟ್ಟಿಲಿಗೆ ಕಾಲು ಎತ್ತಿ ಇಡುವಾಗ ತೊಡೆಸಂದು ಚುಚ್ಚಿದರೆ ಅದರ ಮೇಲೆ ಅನುಮಾನ ಇಡಿ.

ನಾಲ್ಕನೆಯದು ಪಕ್ಕದ ನೋವು. ತೊಡೆಯ ಹೊರಬದಿಯಲ್ಲಿ, ಕೈ ಇಳಿಬಿಟ್ಟರೆ ತಗಲುವ ಎಲುಬಿನ ಗುಬುಟಿನ ಮೇಲೆ. ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಈ ನೋವಿಗೆ ಚಾಚುವ ವ್ಯಾಯಾಮವೇ ಕೇಡು ಮಾಡುತ್ತದೆ. ಅದರ ವಿಚಾರ ಕೊನೆಯಲ್ಲಿ ಬರುತ್ತದೆ.

ಎರಡನೆಯ ಹೆಜ್ಜೆ: ಯಾವ ದಿಕ್ಕು ಹಿತ, ಎಲ್ಲಿ ಬಿಗಿ

ನಿಂತು, ಅಂಗೈಗಳನ್ನು ಸೊಂಟದ ಹಿಂದೆ ಊರಿ, ನಿಧಾನವಾಗಿ ಐದಾರು ಬಾರಿ ಹಿಂದಕ್ಕೆ ಬಾಗಿ. ಸ್ವಲ್ಪ ಹೊತ್ತು ಬಿಟ್ಟು, ಕುರ್ಚಿಯಲ್ಲಿ ಕೂತು ಕೈಗಳನ್ನು ಪಾದಗಳ ನಡುವೆ ಇಳಿಬಿಟ್ಟು ಐದಾರು ಬಾರಿ ಮುಂದಕ್ಕೆ ಬಾಗಿ. ಯಾವುದರ ನಂತರ ನೋವು ತಗ್ಗಿತು? ಅಥವಾ ಕಾಲಿನಲ್ಲಿದ್ದ ನೋವು ಯಾವುದರ ನಂತರ ಮೇಲಕ್ಕೆ, ಸೊಂಟದ ಕಡೆಗೆ ಸರಿಯಿತು?

ಈ ಎರಡನೆಯ ಪ್ರಶ್ನೆ ಮುಖ್ಯ. ಮೀನಖಂಡದಲ್ಲಿದ್ದ ನೋವು ಪಿರ್ರೆಗೆ ಬಂದು, ಅಲ್ಲಿಂದ ಸೊಂಟದ ನಡುವಿಗೆ ಬಂದು ನಿಂತರೆ, ಸೊಂಟದಲ್ಲಿ ನೋವು ಮೊದಲಿಗಿಂತ ತುಸು ಹೆಚ್ಚಿದರೂ ಅದು ಒಳ್ಳೆಯ ಸೂಚನೆ. ನೋವು ಕೆಳಕ್ಕೆ, ಪಾದದ ಕಡೆಗೆ ಹರಿಯುತ್ತಿದ್ದರೆ, ಸೊಂಟ ಹಗುರವೆನಿಸಿದರೂ, ಆ ಚಲನೆಯನ್ನು ಅಲ್ಲಿಗೇ ನಿಲ್ಲಿಸಿ. ನಮ್ಮ ಅವ್ವನ ಮೀನಖಂಡ ನಾಲ್ಕು ದಿನ ಇದನ್ನೇ ಹೇಳುತ್ತಿತ್ತು. ಕೇಳಲು ನನಗೆ ಬರುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆ ಮಂಚದ ಮೇಲೆ. ಮಂಚದ ತುದಿಗೆ ಪಿರ್ರೆ ಬರುವಂತೆ ಅಂಗಾತ ಮಲಗಿ ಎಡ ಮಂಡಿಯನ್ನು ಎರಡೂ ಕೈಗಳಿಂದ ಎದೆಗೆ ತಂದು ಹಿಡಿದುಕೊಳ್ಳಿ, ಬಲಗಾಲನ್ನು ಇಳಿಬಿಡಿ. ಬಲತೊಡೆ ಮಂಚದ ಮಟ್ಟಕ್ಕೆ ಇಳಿದರೆ ಸರಿ. ಗಾಳಿಯಲ್ಲಿ ಮೇಲೆಯೇ ನಿಂತರೆ ತೊಡೆಯ ಬುಡದ ಮುಂಭಾಗ ಬಿಗಿದಿದೆ. ಅಲ್ಲಿರುವ ಸೋವಾಸ್ ಎಂಬ ಸ್ನಾಯು ಕೆಳಬೆನ್ನಿನ ಕಶೇರುಗಳಿಂದ ಹೊರಟು, ಹೊಟ್ಟೆಯ ಹಿಂದಿನಿಂದ ಹಾದು, ತೊಡೆಮೂಳೆಯ ಒಳಬದಿಗೆ ಅಂಟಿಕೊಂಡಿದೆ. ಗಂಟೆಗಟ್ಟಲೆ ಕೂತರೆ ಅದು ಮುದುರಿದ ಸ್ಥಿತಿಯಲ್ಲೇ ಇರುತ್ತದೆ. ಎದ್ದು ನಿಂತಾಗ ಬೆನ್ನನ್ನು ಮುಂದಕ್ಕೆ ಜಗ್ಗುತ್ತದೆ. ಬಸ್ಸಿನಿಂದ ಇಳಿದವರು ಹತ್ತು ಹೆಜ್ಜೆ ಬಾಗಿಯೇ ನಡೆದು ಆಮೇಲೆ ನೆಟ್ಟಗಾಗುವುದನ್ನು ನೋಡಿದ್ದೀರಲ್ಲವೇ?

ತೊಡೆಕೀಲು ಮಡಿಯದಿದ್ದರೆ ಆ ಕೆಲಸವನ್ನೂ ಬೆನ್ನೇ ಹೊರುತ್ತದೆ. ಕೋಟೆಯಲ್ಲಿ ಓಬವ್ವನ ಕಿಂಡಿಯ ಮೂಲಕ ನುಗ್ಗುವ ಮಕ್ಕಳನ್ನು ಗಮನಿಸಿ. ತೊಡೆಯ ಬುಡದಲ್ಲಿ ಮಡಿದು, ಬೆನ್ನು ನೀಳವಾಗಿಟ್ಟುಕೊಂಡು ಸರಕ್ಕನೆ ದಾಟುತ್ತಾರೆ. ಐವತ್ತರ ನಾವು ಬೆನ್ನನ್ನು ಬಿಲ್ಲು ಮಾಡಿ ನುಗ್ಗುತ್ತೇವೆ, ಆಚೆ ಬದಿಯಲ್ಲಿ ಸೊಂಟ ಹಿಡಿದು ನಿಲ್ಲುತ್ತೇವೆ. ನೋಯುವುದು ಬೆನ್ನು, ಬಿಗಿದಿರುವುದು ತೊಡೆಕೀಲು. ಹಾಗಾಗಿ ಮುಂದೆ ಹೇಳುವ ವ್ಯಾಯಾಮಗಳಲ್ಲಿ ಹೆಚ್ಚಿನವು ತೊಡೆಕೀಲಿನ ಸುತ್ತಲಿನವು.

ಹೊತ್ತು, ಜಾಗ, ಅಳತೆ

ಎದ್ದ ಕೂಡಲೇ ಮುಂದಕ್ಕೆ ಬಾಗುವ ಯಾವ ವ್ಯಾಯಾಮವೂ ಬೇಡ. ರಾತ್ರಿ ಮಲಗಿದ್ದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರವಾಗಿರುವುದೂ ಅದರಿಂದಲೇ. ಉಬ್ಬಿದ ಡಿಸ್ಕಿನ ಮೇಲೆ ಬಾಗುವಿಕೆಯ ಭಾರ ಹೆಚ್ಚು ಬೀಳುತ್ತದೆ. ಆದರೆ ನಮ್ಮ ಹೆಣ್ಣುಮಕ್ಕಳ ದಿನ ಶುರುವಾಗುವುದೇ ಮೋಟು ಪೊರಕೆ ಹಿಡಿದು ಅಂಗಳ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಬಗ್ಗಿ ರಂಗೋಲಿ ಬಿಡಿಸುವುದರಿಂದ. ಸೊಂಟ ನೋವಿರುವವರು ಆ ಕೆಲಸವನ್ನು ಎದ್ದು ಒಂದು ಗಂಟೆಯಾದ ಮೇಲೆ ಮಾಡಲಿ, ಪೊರಕೆಗೆ ಉದ್ದನೆಯ ಕೋಲು ಕಟ್ಟಿಸಲಿ, ರಂಗೋಲಿಯನ್ನು ಮಣೆಯ ಮೇಲೆ ಕೂತು ಬಿಡಿಸಲಿ. ಮನೆಯ ಗಂಡಸರು ಪೊರಕೆ ಹಿಡಿದರೆ ಇನ್ನೂ ಒಳ್ಳೆಯದು.

ವ್ಯಾಯಾಮಕ್ಕೆ ಸಂಜೆ ಒಳ್ಳೆಯ ಹೊತ್ತು. ಬಿಸಿನೀರಿನ ಸ್ನಾನ ಆದ ಮೇಲೆ, ಅಥವಾ ಐದು ಹತ್ತು ನಿಮಿಷ ನಡೆದು ಮೈ ಬೆಚ್ಚಗಾದ ಮೇಲೆ ಮಾಡಿ. ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುವವರು ನಡಿಗೆ ಮುಗಿಸಿ ಮನೆಗೆ ಬಂದ ಕೂಡಲೇ ಮಾಡಬಹುದು. ಮೆತ್ತನೆಯ ಹಾಸಿಗೆಯಲ್ಲಿ ಸೊಂಟ ಹೂತುಹೋಗುತ್ತದೆ. ನೆಲದ ಮೇಲೆ ಚಳ್ಳಕೆರೆಯ ಕಂಬಳಿಯನ್ನು ಎರಡು ಮಡಿಕೆ ಹಾಸಿ. ಜಾರುವುದಿಲ್ಲ, ಮಂಡಿಗೆ ಒತ್ತುವುದಿಲ್ಲ, ನನಗೆ ಗೊತ್ತಿರುವಂತೆ ಅದಕ್ಕಿಂತ ಒಳ್ಳೆಯ ಹಾಸು ಇಲ್ಲ.

ಒಂದೊಂದು ಭಂಗಿಯನ್ನೂ 20ರಿಂದ 30 ಸೆಕೆಂಡು ಹಿಡಿದು, ಎರಡು ಮೂರು ಬಾರಿ. ಅರವತ್ತು ದಾಟಿದವರು 30ರಿಂದ 60 ಸೆಕೆಂಡು ಹಿಡಿಯಬಹುದು. ಉಸಿರು ಕಟ್ಟಬಾರದು. ಜಗ್ಗಿ ಬಿಟ್ಟು ಜಗ್ಗಿ ಬಿಟ್ಟು ಮಾಡಿದರೆ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಮತ್ತಷ್ಟು ಬಿಗಿದುಕೊಳ್ಳುತ್ತದೆ. ಸೆಳೆತ ತಿಳಿಯಬೇಕು, ಚುಚ್ಚಬಾರದು. ನೋವಿಗೆ ಹತ್ತರಲ್ಲಿ ಅಂಕ ಕೊಟ್ಟರೆ ಮೂರು ದಾಟಬಾರದು, ಮರುದಿನ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆಯದು ಹೆಚ್ಚಾಯಿತು ಎಂದು ತಿಳಿದು ಅರ್ಧಕ್ಕೆ ತಗ್ಗಿಸಿ.

ಎಲ್ಲರೂ ಶುರು ಮಾಡಬಹುದಾದದ್ದು

ಅಂಗಾತ ಮಲಗಿ, ಮಂಡಿ ಮಡಿಸಿ ಪಾದ ಊರಿ. ಸೊಂಟದ ಕೆಳಗೆ ನೆಲಕ್ಕೂ ಬೆನ್ನಿಗೂ ನಡುವೆ ಒಂದು ಸಂದು ಇರುತ್ತದೆ. ಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಎಳೆದು ಆ ಸಂದನ್ನು ಮುಚ್ಚಿ. ಐದು ಎಣಿಸಿ ಬಿಡಿ. ಹತ್ತು ಬಾರಿ. ಆಮೇಲೆ ಎರಡೂ ಮಂಡಿಗಳನ್ನು ಜೊತೆಯಾಗಿಟ್ಟು ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿ, ಭುಜ ನೆಲ ಬಿಡದಂತೆ. ಇವು ಚಾಚುವುದಕ್ಕಿಂತ ಹೆಚ್ಚಾಗಿ ಹೆದರಿ ಸೆಟೆದುಕೊಂಡ ಬೆನ್ನಿಗೆ ಧೈರ್ಯ ಹೇಳುವ ಚಲನೆಗಳು.

ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ.

ದಿನವಿಡೀ ಬಗ್ಗುವವರಿಗೆ

ನಾಟಿ, ಕಳೆ, ಶೇಂಗಾ ಕೀಳುವುದು, ಚಳ್ಳಕೆರೆ, ಹಿರಿಯೂರಿನ ಕಡೆ ಈರುಳ್ಳಿ ಕಿತ್ತು ಹಸನು ಮಾಡುವುದು, ಮಾರುಕಟ್ಟೆಯಲ್ಲಿ ಚೀಲ ಎತ್ತುವುದು, ಗಾರೆ ಕೆಲಸ. ಇವರಿಗೆ ಬೋರಲು ಮಲಗುವುದೇ ಮೊದಲ ಮದ್ದು.

ಬೋರಲು ಮಲಗಿ, ಕೈಗಳನ್ನು ಪಕ್ಕಕ್ಕಿಟ್ಟು, ಮುಖವನ್ನು ಒಂದು ಬದಿಗೆ ಹೊರಳಿಸಿ, ಎರಡು ಮೂರು ನಿಮಿಷ ಸುಮ್ಮನಿರಿ. ಅಷ್ಟಕ್ಕೇ ಸೊಂಟ ಹಿಡಿದರೆ ಹೊಟ್ಟೆಯ ಕೆಳಗೆ ಒಂದು ದಿಂಬಿರಲಿ. ಹಿತವಾದರೆ ಮೊಣಕೈ ಊರಿ ಎದೆ ಎತ್ತಿ ಒಂದೆರಡು ನಿಮಿಷ, ಮಕ್ಕಳು ನೆಲದ ಮೇಲೆ ಮಲಗಿ ಪುಸ್ತಕ ಓದುವ ಹಾಗೆ. ಅದೂ ಹಿತವಾದರೆ ಮಾತ್ರ ಅಂಗೈ ಊರಿ, ತೋಳಿನ ಬಲದಿಂದಲೇ ಎದೆ ಎತ್ತಿ. ಸೊಂಟ ನೆಲದಲ್ಲೇ ಉಳಿಯಬೇಕು, ಪಿರ್ರೆ ಸಡಿಲವಾಗಿರಬೇಕು. ಮೇಲೆ ಒಂದೆರಡು ಸೆಕೆಂಡು ನಿಂತು ಇಳಿಯಿರಿ. ಹತ್ತು ಬಾರಿ. ಭುಜಂಗಾಸನ ಬಲ್ಲವರಿಗೆ ಇದು ಪರಿಚಿತ ಎನಿಸುತ್ತದೆ; ಆದರೆ ಆಸನದಲ್ಲಿ ಬೆನ್ನಿನ ಸ್ನಾಯುಗಳು ದುಡಿಯುತ್ತವೆ, ಇಲ್ಲಿ ಬೆನ್ನು ಸುಮ್ಮನಿದ್ದು ತೋಳುಗಳು ದುಡಿಯುತ್ತವೆ.

ಗದ್ದೆಯಲ್ಲಿ ಮಲಗಲಾಗದು. ಅಲ್ಲಿ ಒಂದು ಸಾಲು ಮುಗಿದು ಬದುವಿಗೆ ಬಂದಾಗಲೆಲ್ಲ ಕಾಲು ಅಗಲಿಸಿ ನಿಂತು, ಅಂಗೈಗಳನ್ನು ಸೊಂಟಕ್ಕೆ ಊರಿ, ಐದು ಬಾರಿ ಹಿಂದಕ್ಕೆ ಬಾಗಿ. ಅರ್ಧ ನಿಮಿಷದ ಕೆಲಸ. ಅವ್ವನಿಗೆ ಆಮೇಲೆ ಗುಣ ಕೊಟ್ಟದ್ದು ಇದೇ. ಮೊದಲೆರಡು ದಿನ ಜೊತೆಯವರು ನಕ್ಕರಂತೆ, ಮೂರನೆಯ ದಿನ ಅವರೂ ಮಾಡಿದರಂತೆ. ರಾತ್ರಿ ಎಷ್ಟು ವ್ಯಾಯಾಮ ಮಾಡಿದರೂ ಹಗಲಿನ ಈ ಬಿಡುವಿಗೆ ಸಮನಾಗದು.

ಒಂದು ಅಪವಾದವನ್ನು ಮರೆಯಬೇಡಿ. ಅರವತ್ತು ದಾಟಿದ ಕೆಲವರಿಗೆ ಸ್ವಲ್ಪ ದೂರ ನಡೆದರೆ ಎರಡೂ ಕಾಲು ಜೋಮು ಹಿಡಿದು ಭಾರವಾಗುತ್ತವೆ. ಕಟ್ಟೆಯ ಮೇಲೆ ಕೂತರೆ ಅಥವಾ ಸೈಕಲ್ ಮೇಲೆ ಬಾಗಿ ತಳ್ಳಿಕೊಂಡು ಹೋದರೆ ಆರಾಮ ಎನಿಸುತ್ತದೆ. ಇದು ನರ ಹಾಯುವ ಕಾಲುವೆ ಕಿರಿದಾದುದರ ಲಕ್ಷಣ. ಹಿಂದಕ್ಕೆ ಬಾಗಿದರೆ ಆ ಕಾಲುವೆ ಮತ್ತಷ್ಟು ಕಿರಿದಾಗುತ್ತದೆ. ಇವರು ರೈತರೇ ಆಗಿದ್ದರೂ ಹಿಂದಕ್ಕೆ ಬಾಗಬಾರದು. ಒಂದೊಂದೇ ಮಂಡಿಯನ್ನು ಎದೆಗೆ ತರುವುದು ಇವರಿಗೆ ಸರಿ.

ದಿನವಿಡೀ ಕೂರುವವರಿಗೆ

ಚಾಲಕರು, ನೇಕಾರರು, ಹೊಲಿಗೆ ಯಂತ್ರದವರು, ಬ್ಯಾಂಕ್ ಮತ್ತು ಕಚೇರಿಯವರು, ದಾವಣಗೆರೆಯ ಹಾಸ್ಟೆಲುಗಳಲ್ಲಿ ಹತ್ತು ಹನ್ನೆರಡು ಗಂಟೆ ಓದುವ ವಿದ್ಯಾರ್ಥಿಗಳು. ಇವರಿಗೆ ಬೇಕಾದದ್ದು ತೊಡೆಯ ಬುಡದ ಮುಂಭಾಗ ಬಿಚ್ಚುವುದು. ನನ್ನನ್ನು ಒಂದೇ ವ್ಯಾಯಾಮ ಆರಿಸಿ ಎಂದರೆ ಇದನ್ನೇ ಆರಿಸುತ್ತೇನೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮಡಿಸಿದ ಕಂಬಳಿಯ ಮೇಲೆ ಬಲ ಮಂಡಿ ಊರಿ, ಎಡ ಪಾದವನ್ನು ಮುಂದಿಡಿ. ಎರಡೂ ಮಂಡಿಗಳು ಕಟ್ಟೆಯ ಮೂಲೆಯಂತೆ ನೇರಕ್ಕೆ ಮಡಿದಿರಲಿ. ಆಸರೆಗೆ ಕುರ್ಚಿ ಅಥವಾ ಗೋಡೆ ಹತ್ತಿರವಿರಲಿ. ಈಗ ತಕ್ಷಣ ಮುಂದಕ್ಕೆ ವಾಲಬೇಡಿ. ಎಲ್ಲರೂ ತಪ್ಪುವುದು ಇಲ್ಲಿಯೇ. ಮೊದಲು, ಹೆದರಿದ ನಾಯಿ ಬಾಲ ಮುದುರುವ ಹಾಗೆ, ಸೊಂಟದ ಕೆಳತುದಿಯನ್ನು ಒಳಕ್ಕೆ ಮುದುರಿ. ಬಲ ಪಿರ್ರೆಯನ್ನು ಗಟ್ಟಿ ಮಾಡಿ. ಸರಿಯಾಗಿ ಮಾಡಿದರೆ ಅಲ್ಲಾಡದೆಯೇ ಬಲತೊಡೆಯ ಬುಡದ ಮುಂಭಾಗದಲ್ಲಿ ಸೆಳೆತ ತಿಳಿಯುತ್ತದೆ. ಆ ಮುದುರನ್ನು ಬಿಡದೆ, ಇಡೀ ಮೈಯನ್ನು ಮೂರು ನಾಲ್ಕು ಬೆರಳಿನಷ್ಟು ಮಾತ್ರ ಮುಂದಕ್ಕೆ ಸರಿಸಿ. ಮೂವತ್ತು ಎಣಿಸಿ. ಬದಿ ಬದಲಿಸಿ. ಸೆಳೆತ ಸೊಂಟದ ಹಿಂದೆ ತಿಳಿಯುತ್ತಿದ್ದರೆ ಬೆನ್ನು ಬಿಲ್ಲಾಗಿದೆ ಎಂದರ್ಥ. ವಾಪಸು ಬಂದು ಮುದುರುವುದರಿಂದಲೇ ಮತ್ತೆ ಶುರು ಮಾಡಿ. ಮಂಡಿ ಊರಲಾಗದವರು ಹಿಂದೆ ಹೇಳಿದ ಮಂಚದ ತುದಿಯ ಪರೀಕ್ಷೆಯನ್ನೇ ವ್ಯಾಯಾಮವನ್ನಾಗಿ ಮಾಡಿಕೊಳ್ಳಬಹುದು.

ಎರಡನೆಯದು ಪಿರ್ರೆಗೆ. ಅಂಗಾತ ಮಲಗಿ ಮಂಡಿ ಮಡಿಸಿ, ಬಲ ಹರಡನ್ನು ಎಡ ಮಂಡಿಯ ಮೇಲೆ, ತೊಡೆಯ ಕಡೆಗೆ, ಅಡ್ಡಲಾಗಿ ಇಡಿ. ಎಡತೊಡೆಯ ಹಿಂದೆ ಕೈ ಹೆಣೆದು ಎದೆಯ ಕಡೆಗೆ ತನ್ನಿ. ಬಲ ಪಿರ್ರೆಯ ಆಳದಲ್ಲಿ ಸೆಳೆತ ಬರಬೇಕು. ಅಲ್ಲಿ ಪಿರಿಫಾರ್ಮಿಸ್ ಎಂಬ ಚಿಕ್ಕ ಸ್ನಾಯು ಇದೆ, ಅದಕ್ಕೆ ತಾಗಿಕೊಂಡೇ ಸಯಾಟಿಕ್ ನರ ಇಳಿಯುತ್ತದೆ. ಹಿಂಬದಿಯ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟು ಗಾಡಿ ಓಡಿಸುವವರು ಮೊದಲು ಆ ಪರ್ಸನ್ನು ಜಾಗ ಬದಲಿಸಲಿ. ತೊಡೆಸಂದಿನ ಮುಂಭಾಗದಲ್ಲಿ ಚಿವುಟಿದಂತಾದರೆ ಈ ವ್ಯಾಯಾಮ ನಿಮಗಲ್ಲ.

ಮೂರನೆಯದು ತೊಡೆಯ ಹಿಂಭಾಗಕ್ಕೆ. ನಿಂತು ಕಾಲ್ಬೆರಳು ಮುಟ್ಟುವುದನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ, ಸೊಂಟ ನೋವಿದ್ದಾಗ ಅದನ್ನು ಮಾಡಬೇಡಿ. ಅಂಗಾತ ಮಲಗಿ ಒಂದು ಟವೆಲನ್ನು ಪಾದದ ನಡುವೆ ಹಾಕಿ ಕಾಲನ್ನು ಮೇಲೆತ್ತಿ, ಇನ್ನೊಂದು ಮಂಡಿ ಮಡಿಸಿರಲಿ. ತೊಡೆಯ ಹಿಂದೆ ಸೆಳೆದರೆ ಸರಿ. ಮೀನಖಂಡ, ಪಾದದಲ್ಲಿ ಜುಮುಜುಮು ಅಥವಾ ಕರೆಂಟು ಹೊಡೆದಂತಾದರೆ ನೀವು ಎಳೆಯುತ್ತಿರುವುದು ಸ್ನಾಯುವನ್ನಲ್ಲ, ನರವನ್ನು. ಆಗ ಮಂಡಿಯನ್ನು ಸಡಿಲಿಸಿ ಕೆಳಗಿಳಿಸಿ. ನರವನ್ನು ಹಿಡಿದು ಎಳೆದರೆ ಅದು ಇನ್ನಷ್ಟು ಕೆರಳುತ್ತದೆ.

ಚಾಲಕರಿಗೊಂದು ಮಾತು. ದಾವಣಗೆರೆಯಿಂದ ಬೆಂಗಳೂರಿಗೆ ಒಂದೇ ಓಟದಲ್ಲಿ ಹೋಗಬೇಡಿ. ಒಂದೂವರೆ, ಎರಡು ಗಂಟೆಗೊಮ್ಮೆ ಇಳಿದು, ಒಂದು ಪಾದವನ್ನು ಗಾಡಿಯ ಮೆಟ್ಟಿಲ ಮೇಲಿಟ್ಟು, ಹಿಂದಿನ ಕಾಲಿನ ತೊಡೆಯ ಬುಡ ಬಿಚ್ಚುವಂತೆ ಅದೇ ಬಾಲ ಮುದುರುವ ವ್ಯಾಯಾಮ ಮಾಡಿ. ನೇಕಾರರು ಗುಣಿಯಿಂದ ಕಾಲು ಮೇಲಕ್ಕೆ ತೆಗೆದು ಬೋರಲು ಮಲಗುವುದನ್ನು ಮಧ್ಯಾಹ್ನದ ಊಟಕ್ಕೆ ಮುಂಚೆ ಒಮ್ಮೆ ಮಾಡಿದರೂ ವ್ಯತ್ಯಾಸ ತಿಳಿಯುತ್ತದೆ.

ನಿಂತೇ ದುಡಿಯುವವರಿಗೆ

ಕಾವಲಿಯ ಮುಂದೆ, ಅಂಗಡಿಯ ಕೌಂಟರಿನಲ್ಲಿ, ಸಂಚಾರ ಪೊಲೀಸ್ ಕೆಲಸದಲ್ಲಿ ನಿಂತವರ ಸೊಂಟ ಸಾಮಾನ್ಯವಾಗಿ ಒಳಕ್ಕೆ ಬಾಗಿ ದಣಿದಿರುತ್ತದೆ. ಅಂದು ನಾನು ಅವ್ವನಿಗೆ ಕೊಟ್ಟ ವ್ಯಾಯಾಮ ಇವರಿಗೆ ಹೊಂದುತ್ತದೆ: ಅಂಗಾತ ಮಲಗಿ ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು, ಕೊನೆಗೆ ಎರಡೂ ಎದೆಗೆ. ನಿಲ್ಲುವ ಜಾಗದಲ್ಲಿ ಒಂದು ಗೇಣೆತ್ತರದ ಇಟ್ಟಿಗೆಯೋ ಮರದ ತುಂಡೋ ಇಟ್ಟು, ಒಂದು ಕಾಲನ್ನು ಅದರ ಮೇಲಿಟ್ಟು ಕೆಲಸ ಮಾಡಿ, ಆಗಾಗ ಕಾಲು ಬದಲಿಸಿ. ಮೂಳೆ ಸವೆತ, ಅಂದರೆ ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್, ಇದೆ ಎಂದು ವೈದ್ಯರು ಹೇಳಿರುವ ಹಿರಿಯರು ಮಾತ್ರ ಬೆನ್ನು ಸುರುಳಿ ಮಾಡುವ ಇಂಥ ಭಂಗಿಗಳನ್ನು ಬಿಡಬೇಕು. ಗರ್ಭಿಣಿಯರು ನಾಲ್ಕನೆಯ ತಿಂಗಳ ನಂತರ ಹೆಚ್ಚು ಹೊತ್ತು ಅಂಗಾತ ಮಲಗಿ ಮಾಡಬಾರದು.

ಚಾಚಿದರೆ ಸಾಲದು

ಕೆಲವು ವಾರ ಚಾಚಿದ ಮೇಲೆ ಕೈ ಹೆಚ್ಚು ದೂರ ಮುಟ್ಟುತ್ತದೆ. ಸ್ನಾಯು ಉದ್ದವಾಯಿತೆಂದು ತಿಳಿಯುತ್ತೇವೆ. ಬಹುಮಟ್ಟಿಗೆ ಆಗಿರುವುದು ಬೇರೆ: ಆ ಸೆಳೆತವನ್ನು ಅಪಾಯವೆಂದು ಎಣಿಸುವುದನ್ನು ನರಮಂಡಲ ಬಿಟ್ಟಿದೆ. ಆ ಸಡಿಲವನ್ನು ಬಲ ಸೇರಿಸಿ ಉಳಿಸಿಕೊಳ್ಳದಿದ್ದರೆ ನಾಲ್ಕು ದಿನ ಬಿಟ್ಟರೆ ಮತ್ತೆ ಬಿಗಿಯುತ್ತದೆ. ಆದ್ದರಿಂದ ಚಾಚುವುದು ಮುಗಿದ ಮೇಲೆ, ಮಂಡಿ ಮಡಿಸಿ ಮಲಗಿ ಪಿರ್ರೆಯನ್ನು ಗಟ್ಟಿ ಮಾಡಿ ಸೊಂಟವನ್ನು ಮೇಲೆತ್ತಿ. ಭುಜದಿಂದ ಮಂಡಿಯವರೆಗೆ ಒಂದೇ ಗೆರೆಯಾಗಲಿ. ಐದು ಎಣಿಸಿ ಇಳಿಸಿ, ಹತ್ತು ಬಾರಿ. ಪಿರ್ರೆಯ ಬದಲು ತೊಡೆಯ ಹಿಂಭಾಗ ಹಿಡಿದುಕೊಂಡರೆ ಪಾದಗಳನ್ನು ಇನ್ನಷ್ಟು ಹತ್ತಿರ ತನ್ನಿ.

ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಬರುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಕೆಳಬೆನ್ನು ನೋವಿತ್ತು. ಅದೇ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಬಹುಕಾಲದ ಸೊಂಟ ನೋವಿಗೆ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮ ಮತ್ತು ತಿಳಿವಳಿಕೆಯನ್ನು ಹೇಳುತ್ತದೆ. ಬೆಲ್ಟ್ ಮತ್ತು ಸೊಂಟ ಎಳೆಯುವ ಟ್ರ್ಯಾಕ್ಷನ್ ವಾಡಿಕೆಯಾಗಿ ಬೇಡ ಎನ್ನುತ್ತದೆ. ಈಗಾಗಲೇ ಕಟ್ಟುತ್ತಿರುವವರು ಒಮ್ಮೆಲೇ ಬಿಸಾಡಬೇಕಾಗಿಲ್ಲ, ದಿನಕ್ಕೆ ಒಂದು ಗಂಟೆ ಕಡಿಮೆ ಮಾಡುತ್ತಾ ಬನ್ನಿ. ಆದರೆ ನೆಲದ ಮೇಲೆ ಬೋರಲು ಮಲಗಿಸಿ ಬೆನ್ನ ಮೇಲೆ ಕಾಲಿಟ್ಟು ತುಳಿಸುವುದನ್ನು, ಝಾಡಿಸಿ ನೆಟಿಗೆ ತೆಗೆಸುವುದನ್ನು ಇಂದೇ ಬಿಡಿ.

ಹೊಸದಾಗಿ ಹಿಡಿದ ಸೊಂಟ ಹೆಚ್ಚಿನವರಿಗೆ ನಾಲ್ಕರಿಂದ ಆರು ವಾರಗಳಲ್ಲಿ ಸಡಿಲವಾಗುತ್ತದೆ. ಆ ದಿನಗಳಲ್ಲಿ ಹಾಸಿಗೆ ಹಿಡಿದು ಮಲಗಬೇಡಿ, ಆದಷ್ಟು ನಡೆದಾಡಿ. ಆರು ವಾರ ನಿಯಮವಾಗಿ ಮಾಡಿಯೂ ಏನೂ ಬದಲಾಗದಿದ್ದರೆ ಹತ್ತಿರದ ಫಿಸಿಯೋಥೆರಪಿಸ್ಟ್ ಅಥವಾ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ಯಾವ ಭಂಗಿಯಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ, ಕಾಲಿಗೆ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟೋ ಸಲ ಸ್ಕ್ಯಾನಿಂಗ್ ಚಿತ್ರಕ್ಕಿಂತ ಆ ಚೀಟಿ ಹೆಚ್ಚು ಹೇಳುತ್ತದೆ.

ತೊಡೆಕೀಲೇ ಸವೆದಿದ್ದರೆ, ಪಕ್ಕವೇ ನೋಯುತ್ತಿದ್ದರೆ

ಸವೆದ ತೊಡೆಕೀಲನ್ನು ಬಲವಂತವಾಗಿ ಚಕ್ಕಳಮಕ್ಕಳಕ್ಕೆ ಒಗ್ಗಿಸಲು ಹೋಗಬೇಡಿ. ಅಂಗಾತ ಮಲಗಿ ಹಿಮ್ಮಡಿಯನ್ನು ಪಿರ್ರೆಯ ಕಡೆಗೆ ಜಾರಿಸಿ ತರುವುದು, ಕಾಲನ್ನು ಪಕ್ಕಕ್ಕೆ ಸರಿಸಿ ಮತ್ತೆ ತರುವುದು, ದಿನಕ್ಕೆ ಎರಡು ಹೊತ್ತು ಹತ್ತತ್ತು ಬಾರಿ ಸಾಕು. ಮನೆಯಲ್ಲಿ ಕೂರುವ ಶೌಚಾಲಯ, ಊಟಕ್ಕೆ ಕುರ್ಚಿ ಇರಲಿ. ದೇವರ ಮುಂದೆ ಕುರ್ಚಿಯಲ್ಲಿ ಕೂರಲು ಸಂಕೋಚಪಡುವ ಹಿರಿಯರಿಗೆ ಮನೆಯವರೇ ಒಂದು ಕುರ್ಚಿ ಹಾಕಿಕೊಡಬೇಕು. ಕೀಲು ಬದಲಿ ಶಸ್ತ್ರಚಿಕಿತ್ಸೆ ಆದವರು ಇಲ್ಲಿ ಹೇಳಿದ ಯಾವುದನ್ನೂ ತಮ್ಮ ಶಸ್ತ್ರವೈದ್ಯರನ್ನು ಕೇಳದೆ ಮಾಡಬಾರದು.

ತೊಡೆಯ ಹೊರಬದಿಯ ಗುಬುಟು ನೋಯುವವರು ಕಾಲನ್ನು ಅಡ್ಡ ಎಳೆಯುವ ವ್ಯಾಯಾಮಗಳನ್ನು ಪೂರ್ತಿ ಬಿಡಬೇಕು. ಅಲ್ಲಿಯ ಸ್ನಾಯುರಜ್ಜು ಎಲುಬಿಗೆ ಒತ್ತಿಕೊಂಡು ಕೆರಳಿದೆ, ಎಳೆದಷ್ಟೂ ಒತ್ತಡ ಹೆಚ್ಚುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಮಗುವನ್ನು ಕಂಕುಳಿಗೆ ಏರಿಸಿ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುವುದು, ಎರಡೂ ಬೇಡ. ನೋವಿಲ್ಲದ ಮಗ್ಗುಲಿಗೆ ಮಲಗಿ, ಎರಡು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ದಿಂಬು ಹರಡಿನವರೆಗೂ ಚಾಚಿರಲಿ, ಇಲ್ಲದಿದ್ದರೆ ಪಾದ ಕೆಳಗೆ ಜಾರಿ ಮತ್ತೆ ಅದೇ ಎಳೆತ ಬೀಳುತ್ತದೆ. ಗೋಡೆಗೆ ಪಕ್ಕವಾಗಿ ನಿಂತು, ಗೋಡೆಯ ಕಡೆಯ ಕಾಲಿನಿಂದ ಗೋಡೆಯನ್ನು ತಳ್ಳುವ ವ್ಯಾಯಾಮ ಮಾಡಲು ಹೋಗಿ ಕೆಲವರು ಬೀಳುತ್ತಾರೆ. ಬದಲಿಗೆ ಅಂಗಾತ ಮಲಗಿ ಮಂಡಿಗಳ ಸುತ್ತ ಟವೆಲ್ ಕಟ್ಟಿ, ಮಂಡಿಗಳನ್ನು ಹೊರಕ್ಕೆ ಒತ್ತಿ ಐದು ಎಣಿಸಿ ಬಿಡಿ. ಹತ್ತು ಬಾರಿ.

ಕೋಲು ಹಿಡಿಯುವವರು ಅದನ್ನು ನೋವಿರುವ ಬದಿಯ ಕೈಯಲ್ಲಿ ಹಿಡಿಯುವುದೇ ಹೆಚ್ಚು. ಹಿಡಿಯಬೇಕಾದದ್ದು ಎದುರು ಕೈಯಲ್ಲಿ. ಬಲ ತೊಡೆಕೀಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಲಿ, ಬಲಗಾಲು ಮುಂದಿಡುವಾಗ ಕೋಲೂ ಜೊತೆಗೇ ಮುಂದೆ ಬರಲಿ. ಆಗ ನೋಯುವ ಕೀಲಿನ ಮೇಲೆ ಬೀಳುವ ಭಾರ ಎದ್ದು ಕಾಣುವಷ್ಟು ಇಳಿಯುತ್ತದೆ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಕೋಲಿನ ಹಿಡಿ ಬರುವಂತೆ ಕತ್ತರಿಸಿ, ತುದಿಗೆ ರಬ್ಬರ್ ಬಿರಡೆ ಹಾಕಿಸಿ.